ಯಾರೂ ಹುಟ್ಟದ ದ್ವೀಪ

"ಮನೆಯಲ್ಲೇ ಹೆರ್ತೀಯೋ, ಆಸ್ಪತ್ರೆಗೆ ಹೋಗ್ತೀಯೋ?"

ಚಹಾ ಬೇಕೋ ಕಾಫಿ ಬೇಕೋ ಎನ್ನುವ ಧಾಟಿಯಲ್ಲಿ ಕೇಳಿಬಿಟ್ಟಳು ಪುಣ್ಯಾತ್ಗಿತ್ತಿ. ನಾನು ಕಿರಿದಾದ ಮಂಚದ ಮೇಲೆ ಅಂಗಾತ ಮಲಗಿದ್ದೆ, ಅವಳ ಎರಡೂ ಕೈ ನನ್ನ ಹೊಟ್ಟೆಯ ಮೇಲಿದ್ದವು. ನಾನು ದಡಕ್ಕನೆ ಎದ್ದು ಕೂತೆ.

"ಮನೆಯಲ್ಲಾ? ಯಾರ ಮನೆಯಲ್ಲಿ?"

"ನಿನ್ನ ಮನೆಯಲ್ಲಿ. ನನ್ನ ಮನೆಯಲ್ಲಿ ಜಾಗ ಇಲ್ಲ," ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್ ಊರಿನ ಸುತ್ತಮುತ್ತ ಜಗತ್ತಿಗೆಲ್ಲ ಬೇಕಾದ ಯಂತ್ರಗಳನ್ನು ಮಾಡುತ್ತಾರೆ. ನಮ್ಮವರು, ಅಂದರೆ ನನ್ನ ಗಂಡ ಮಹಾಂತೇಶ, ಎಂಜಿನಿಯರಾಗಿ ಬಂದದ್ದೂ ಅದಕ್ಕೇ. ಅಂಥ ಊರಿನ ಮಗ್ಗುಲಲ್ಲಿ, ಬೆಸ್ಟ್ ಎಂಬ ಈ ಪುಟ್ಟ ಊರಿನಲ್ಲಿ ಕೂತು, ಬಾಡಿಗೆ ಸಾಲುಮನೆಯ ಮಲಗುವ ಕೋಣೆಯಲ್ಲಿ ಹೆರು ಎನ್ನುತ್ತಾರಲ್ಲ! ಆಮೇಲೆ ಗೊತ್ತಾಯಿತು, ಇಲ್ಲಿ ಬಸಿರು ಕಾಯಿಲೆಯಲ್ಲ. ತೊಂದರೆ ಇಲ್ಲದಿದ್ದರೆ ಡಾಕ್ಟರ ಮುಖವನ್ನೇ ನೋಡುವ ಹಾಗಿಲ್ಲ. ಓದಿ ಪಾಸಾದ ಸೂಲಗಿತ್ತಿಯರು ನೋಡಿಕೊಳ್ಳುತ್ತಾರೆ. ಅವರಿಗೆ ಡಚ್ಚಿನಲ್ಲಿ ಫೆರ್ಲೋಸ್‌ಕುಂಡಿಖೆ ಎನ್ನುತ್ತಾರೆ. ಆ ಪದವನ್ನು ಫೋನಿನಲ್ಲಿ ಅವ್ವನಿಗೆ ಹೇಳಿದ ದಿನ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ.

ನಮ್ಮ ಸೂಲಗಿತ್ತಿಯ ಹೆಸರು ಕೋರಾ. ಐವತ್ತರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಮೈಬಣ್ಣ ನನಗಿಂತ ಒಂದು ಪಟ್ಟು ಕಪ್ಪು. ಅವಳ ಇಂಗ್ಲಿಷಿಗೆ ಒಂದು ಓಲಾಟ ಇತ್ತು, ಇಲ್ಲಿನವರ ಇಂಗ್ಲಿಷಿನ ಹಾಗಿರಲಿಲ್ಲ. ಎರಡನೇ ಭೇಟಿಗೆ ನನ್ನಿಂದ ತಡೆಯಲಾಗಲಿಲ್ಲ. ವಿಜಯಪುರದವಳು ನಾನು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನು ಹೆಸರಿಗಿಂತ ಮೊದಲು ಕೇಳುವುದೇ ಊರನ್ನು.

"ನಿಮ್ಮದು ಯಾವೂರು?"

"ಬೆಸ್ಟ್."

"ಅಲ್ಲ, ಮೂಲ ಯಾವೂರು?"

"ನೆದರ್ಲೆಂಡ್ಸ್."

"ಅದು ಹೌದು. ಆದರೂ ನಿಜವಾಗಿ..."

ನಮ್ಮವರು ನನ್ನ ತೋಳು ಚಿವುಟಿದರು. ಕಂದು ಬಣ್ಣದವರನ್ನು ಈ ದೇಶದಲ್ಲಿ ಹಾಗೆ ಕೇಳಬಾರದಂತೆ. ಕೇಳಿದರೆ ನೀನು ಇಲ್ಲಿಯವಳಲ್ಲ ಎಂದ ಹಾಗಾಗುತ್ತದಂತೆ. ನಮ್ಮಲ್ಲಿ ಕೇಳದಿದ್ದರೆ ಗರ್ವ ಎನ್ನುತ್ತಾರೆ, ಇಲ್ಲಿ ಕೇಳಿದರೆ ಅವಮಾನ! ಕೋರಾ ಕೈಯಲ್ಲಿದ್ದ ಟೇಪನ್ನು ಪಕ್ಕಕ್ಕಿಟ್ಟಳು. ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡೆ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತು ನನಗೇ ಒಂದು ಪ್ರಶ್ನೆ ಹಾಕಿದಳು.

"ನೀನು ಭೂಗೋಳದ ಟೀಚರ್ ಅಂದೆಯಲ್ಲ. ನೆದರ್ಲೆಂಡ್ಸಿನ ಅತಿ ಎತ್ತರದ ಬೆಟ್ಟ ಯಾವುದು ಹೇಳು ನೋಡೋಣ."

ಊರಿನಲ್ಲಿ ಪಿಯು ಮಕ್ಕಳಿಗೆ ಭೂಗೋಳ ಹೇಳುತ್ತಿದ್ದವಳಿಗೆ ಇದೇನು ಮಹಾ! ದಕ್ಷಿಣದ ತುದಿಯ ವಾಲ್ಸರ್‌ಬರ್ಖ್ ಎಂದು ಪಟ್ಟನೆ ಹೇಳಿದೆ. ಮುನ್ನೂರು ಚಿಲ್ಲರೆ ಮೀಟರಿನ ದಿಬ್ಬ ಅದು. ನಾವು ಒಂದು ಭಾನುವಾರ ಹೋಗಿ ಅದರ ತಲೆಯ ಮೇಲೆ ಫೋಟೊ ತೆಗೆಸಿಕೊಂಡು ಬಂದಿದ್ದೆವು.

"ತಪ್ಪು," ಎಂದಳು ಕೋರಾ. "ಎತ್ತರದ ಬೆಟ್ಟ ನಮ್ಮೂರಲ್ಲಿದೆ. ಸಾಬಾ ದ್ವೀಪ. ಕೆರಿಬಿಯನ್ ಸಮುದ್ರ."

ಕೆರಿಬಿಯನ್! ನನಗೆ ವೆಸ್ಟ್ ಇಂಡೀಸಿನ ಕ್ರಿಕೆಟ್ ಟೀಮು ನೆನಪಾಯಿತೇ ಹೊರತು ನೆದರ್ಲೆಂಡ್ಸ್ ನೆನಪಾಗಲಿಲ್ಲ. ಹೋಗಬೇಕಾದರೆ ಇಡೀ ಅಟ್ಲಾಂಟಿಕ್ ದಾಟಬೇಕು. ಅಲ್ಲಿ ಆಡುವ ಮಾತು ಇಂಗ್ಲಿಷು, ಅಂಗಡಿಯಲ್ಲಿ ಕೊಡುವುದು ಡಾಲರು. ಆದರೂ ಅದು ಈ ದೇಶದ್ದೇ ಒಂದು ಪುರಸಭೆ! ಅತ್ತ ಪ್ರಾಂತ್ಯವೂ ಅಲ್ಲ, ಇತ್ತ ಬೇರೆ ದೇಶವೂ ಅಲ್ಲ, 'ವಿಶೇಷ ಪುರಸಭೆ' ಅಂತೆ. ಅದರ ಜೊತೆಗಾರ ದ್ವೀಪಗಳು ಇನ್ನೂ ಎರಡಿವೆ. ಮನೆಗೆ ಬಂದವಳೇ ನಕ್ಷೆ ತೆಗೆದು ಕೂತೆ. ಎಷ್ಟು ಹಿಗ್ಗಿಸಿದರೂ ಬೆರಳ ತುದಿಯಷ್ಟೇ ಇದೆ. ಇಷ್ಟು ವರ್ಷ ಮಕ್ಕಳಿಗೆ ನೆದರ್ಲೆಂಡ್ಸ್ ಎಂದರೆ ಸಮುದ್ರಮಟ್ಟಕ್ಕಿಂತ ತಗ್ಗಿನ ದೇಶ ಎಂದು ಬರೆಸಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡೆ. ನಮ್ಮವರು ಪಕ್ಕದಲ್ಲಿ ಕೂತು ಹಲ್ಲುಕಿರಿಯುತ್ತಿದ್ದರು.

ಅಲ್ಲಿಂದ ಮುಂದೆ ತಪಾಸಣೆಗೆ ಹೋದಾಗಲೆಲ್ಲ ಹತ್ತು ನಿಮಿಷ ಹೊಟ್ಟೆಯ ಮಾತು, ಇಪ್ಪತ್ತು ನಿಮಿಷ ದ್ವೀಪದ ಮಾತು. ಈ ಊರಿನಲ್ಲಿ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದವರು ಬೇರೆ ಯಾರೂ ಇರಲಿಲ್ಲ. ಇಲ್ಲಿನ ಮನೆಗಳ ಪರದೆ ಹಗಲೆಲ್ಲ ತೆರೆದೇ ಇರುತ್ತದೆ. ಒಳಗೆ ಅವರು ಉಣ್ಣುವುದು, ಟಿವಿ ನೋಡುವುದು ಎಲ್ಲ ಬೀದಿಗೆ ಕಾಣುತ್ತದೆ, ಒಳಗೆ ಬಾ ಎನ್ನುವವರು ಮಾತ್ರ ಇಲ್ಲ. ಮೊದಲ ಚಳಿಗಾಲದಲ್ಲಿ ಮೂರು ಹೊತ್ತೂ ಮಂಕು ಬೆಳಕು ನೋಡಿ ನೋಡಿ ನನಗೆ ರೊಟ್ಟಿ ಬಡಿಯುವುದೂ ಬೇಡವಾಗಿತ್ತು. ಒಂದೇ ಒಂದು ದಿನ ಗೆದ್ದೆ ಅನಿಸಿದ್ದುಂಟು. ಸೈಕಲ್ ದಾರಿಗೆ ಅಡ್ಡ ನಿಂತು ಫೋನು ನೋಡುತ್ತಿದ್ದವನಿಗೆ ಡಚ್ಚಿನಲ್ಲಿ ಬೈದೆ, ಅವನು ಸಾರಿ ಕೇಳಿ ಸರಿದ. ಆ ಖುಷಿಗೆ ಅಂದು ಮನೆಯಲ್ಲಿ ಹೋಳಿಗೆ ಮಾಡಿದೆ.

ಸಾಬಾ ಎಂದರೆ ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಜ್ವಾಲಾಮುಖಿ, ಈಗ ಮಲಗಿದೆ. ಮೇಲಿನ ಬೆಟ್ಟ ಎಂಟುನೂರು ಮೀಟರಿಗೂ ಹೆಚ್ಚು, ತಲೆ ಸದಾ ಮೋಡದಲ್ಲಿ. ಇರುವವರು ಹೆಚ್ಚೆಂದರೆ ಎರಡು ಸಾವಿರ ಜನ. ನಮ್ಮ ವಿಜಯಪುರದಲ್ಲಿ ಒಂದು ದೊಡ್ಡ ಮದುವೆಗೆ ಅಷ್ಟು ಮಂದಿ ಉಂಡು ಹೋಗುತ್ತಾರೆ. ನಾಲ್ಕು ಹಳ್ಳಿ, ಒಂದು ರಸ್ತೆ. ಆ ಕಡಿದಾದ ಬೆಟ್ಟಕ್ಕೆ ರಸ್ತೆ ಆಗುವುದಿಲ್ಲ ಎಂದು ಎಂಜಿನಿಯರುಗಳು ಕೈಚೆಲ್ಲಿದಾಗ ಊರವರೇ ಕೈಯಾರೆ ಕಡಿದು ಮಾಡಿದ್ದಂತೆ. ಇದನ್ನು ಹೇಳುವಾಗ ಕೋರಾ ನಮ್ಮವರ ಕಡೆಗೆ ನೋಡಿ ಕಣ್ಣು ಮಿಟುಕಿಸಿದಳು. ವಿಮಾನ ಇಳಿಯುವ ಪಟ್ಟಿ ಬಂಡೆಯ ಅಂಚಿನಿಂದ ಬಂಡೆಯ ಅಂಚಿಗೆ ಮುಗಿದುಹೋಗುತ್ತದೆ. ಸಮುದ್ರ ಸುತ್ತಲೂ ಇದೆ, ತೀರ ಎಂಬುದೇ ಇಲ್ಲ. ಒಂದು ಮೂಲೆಯಲ್ಲಿ ವರ್ಷಕ್ಕೆ ಕೆಲವು ತಿಂಗಳು ಮರಳು ಬರುತ್ತದೆ, ಮತ್ತೆ ಸಮುದ್ರವೇ ಎಳೆದುಕೊಂಡು ಹೋಗುತ್ತದೆ. ಕೆಂಪು ಚಾವಣಿಯ ಬಿಳಿ ಮನೆಗಳು, ಪ್ರತಿ ಮನೆಗೂ ಮಳೆನೀರಿನ ತೊಟ್ಟಿ, ಅಂಗಳದಲ್ಲಿ ಅಜ್ಜ ಅಜ್ಜಿಯರ ಗೋರಿ.

"ಅಂಗಳದಲ್ಲೇ ಗೋರಿಯಾ?" ಎಂದೆ.

"ಮತ್ತೆಲ್ಲಿ? ಅಜ್ಜಿ ನಮ್ಮವಳು, ಅಂಗಳವೂ ನಮ್ಮದು. ಇಲ್ಲಿಯ ಹಾಗೆ ಗೋರಿಗೆ ಬಾಡಿಗೆ ಕಟ್ಟುತ್ತಾರೇನು?"

ನನಗೆ ಇನ್ನೊಂದು ಗುನ್ನ. ಗೋರಿಗೆ ಬಾಡಿಗೆ! ಹೌದಂತೆ. ಇಲ್ಲಿ ಹೂಳುವ ಜಾಗಕ್ಕೆ ಅವಧಿ ಇರುತ್ತದೆ. ಮನೆಯವರು ಮುಂದುವರಿಸದಿದ್ದರೆ ತೆಗೆದು ಬೇರೆಯವರಿಗೆ ಕೊಡುತ್ತಾರೆ. ಸತ್ತ ಮೇಲೂ ಮನೆ ಖಾಲಿ ಮಾಡಬೇಕಾ ಎಂದು ನಾನು ಬಾಯಿ ಬಿಟ್ಟು ಕೂತೆ. ಕೋರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಷ್ಟೆಲ್ಲದರ ನಡುವೆ ನಾನು ತವರಿಗೆ ಹೋಗುವುದು ನಿಶ್ಚಯವಾಗಿತ್ತು. ಚೊಚ್ಚಲು ಬಾಣಂತನ ತವರಿನಲ್ಲೇ ಆಗಬೇಕು. ನಮ್ಮ ಕಡೆ ಇದನ್ನು ಯಾರೂ ಚರ್ಚೆ ಮಾಡುವುದಿಲ್ಲ. ಅವ್ವ ಆಗಲೇ ಅಂಟಿನ ಉಂಡೆಗೆ ಅಂಟು ತರಿಸಿದ್ದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಇಳಕಲ್ ಸೀರೆ ತಂದಿದ್ದಳು. ನನಗೂ ಅದೇ ಬೇಕಿತ್ತು. ಹಗ್ಗದ ಹೊರಸಿನ ಕೆಳಗೆ ಕೆಂಡದ ಕಾವು, ಎಣ್ಣೆ ನೀರು, ಅವ್ವನ ಬೈಗಳು, ಇವೆಲ್ಲ ಬಿಟ್ಟು ಈ ಮಂಕು ಬೆಳಕಿನಲ್ಲಿ ಹೆರುವುದು ನೆನೆದರೇ ಅಳು ಬರುತ್ತಿತ್ತು. ಏಳನೇ ತಿಂಗಳು ತುಂಬುವ ಮೊದಲೇ ವಿಮಾನ ಹತ್ತಬೇಕಿತ್ತು. ಟಿಕೆಟ್ಟೂ ಆಗಿತ್ತು.

ಅದನ್ನು ಕೋರಾಗೆ ಹೇಳಿದ ದಿನ ಅವಳ ಮುಖ ಕಪ್ಪಿಟ್ಟಿತು.

"ಯಾರು ಕಳಿಸ್ತಿದ್ದಾರೆ ನಿನ್ನನ್ನ?"

"ಯಾರೂ ಕಳಿಸ್ತಿಲ್ಲ. ಅವ್ವ ಕರೀತಿದ್ದಾಳೆ. ನಮ್ಮ ಪದ್ಧತಿ."

"ಇವನು?" ಎಂದು ನಮ್ಮವರ ಕಡೆ ಕೈ ತೋರಿಸಿದಳು.

"ಅವರಿಗೆ ಇಲ್ಲಿ ಕೆಲಸ ಇದೆ. ಆಮೇಲೆ ರಜೆ ಹಾಕಿ ಬರ್ತಾರೆ, ಮಗು ನೋಡೋಕೆ."

ಆಗ ಅವಳು ಕುರ್ಚಿ ಎಳೆದು ಕೂತು ಹೇಳಿದಳು. ಅವಳ ದ್ವೀಪದಲ್ಲಿ ಈಗ ಯಾರೂ ಹುಟ್ಟುವುದಿಲ್ಲ! ಪುಟ್ಟ ಆಸ್ಪತ್ರೆ ಇದೆ, ಬಸಿರಿಯರನ್ನು ನೋಡುವವರಿದ್ದಾರೆ, ಹೊರಗಿನಿಂದ ಹುಡುಗರು ಬಂದು ಓದುವ ಮೆಡಿಕಲ್ ಕಾಲೇಜೂ ಇದೆ. ಹೆರಿಗೆ ಮಾತ್ರ ಇಲ್ಲ. ಇಷ್ಟು ಕಡಿಮೆ ಜನಕ್ಕೆ ಆಪರೇಷನ್ನಿನ ಏರ್ಪಾಡು ಇಡಲಾಗುವುದಿಲ್ಲ, ಏನಾದರೂ ಎಡವಟ್ಟಾದರೆ ಬೆಟ್ಟ ಇಳಿಸಿ ಸಮುದ್ರ ದಾಟಿಸುವಷ್ಟು ಸಮಯ ಇರುವುದಿಲ್ಲ. ಅದಕ್ಕೆ ದಿನ ಹತ್ತಿರ ಬಂದ ಹಾಗೆ ಬಸಿರಿಯರನ್ನು ಪಕ್ಕದ ಸಿಂಟ್ ಮಾರ್ಟನ್ ದ್ವೀಪಕ್ಕೆ ಕಳಿಸುತ್ತಾರೆ. ಅದು ಬೇರೆ ಸರಕಾರದ ದ್ವೀಪ. ಅಲ್ಲಿ ಪರಕೀಯ ಕೋಣೆಯಲ್ಲಿ ದಿನ ಎಣಿಸುತ್ತ ಕೂತಿರಬೇಕು. ಗಂಡಂದಿರಿಗೆ ಕೆಲಸ, ಮನೆಯಲ್ಲಿ ದೊಡ್ಡ ಮಕ್ಕಳು. ಎಲ್ಲರಿಗೂ ಜೊತೆಗಿರಲು ಆಗುವುದಿಲ್ಲ.

"ನನ್ನ ತಮ್ಮ ತನ್ನ ಮಗಳನ್ನು ಮೊದಲು ನೋಡಿದ್ದು ಬಂದರಿನಲ್ಲಿ," ಎಂದಳು. "ದೋಣಿಯಿಂದ ಹೆಂಡತಿ ಇಳಿದಳು, ಕೈಯಲ್ಲಿ ಮಗು. ಅಪ್ಪ ಅಂತ ಕೈ ಚಾಚಿದ, ಮಗು ಕಿರುಚಿಕೊಂಡಿತು. ಈಗ ಆ ಹುಡುಗಿಯೇ ಬಸುರಿ. ಅವಳೂ ಹೋಗಬೇಕು."

"ನೀವು ಅಲ್ಲಿಗೆ ವಾಪಸ್ ಹೋಗಿ ಹೆರಿಗೆ ಮಾಡಿಸಬಾರದೇ?" ಎಂದೆ.

"ಅದಕ್ಕೇ ತಾನೇ ನಾನು ಓದೋಕೆ ಇಲ್ಲಿಗೆ ಬಂದದ್ದು! ನಾನು ಹುಟ್ಟಿದ್ದು ಅಜ್ಜಿಯ ಮಂಚದ ಮೇಲೆ. ಓದಿ ಮುಗಿಸೋ ಹೊತ್ತಿಗೆ ಊರಲ್ಲಿ ಹೆರಿಗೆಯೇ ನಿಂತಿತ್ತು. ನೂರಾರು ಡಚ್ ಮಕ್ಕಳನ್ನು ಈ ಕೈಲಿ ಹಿಡಿದಿದ್ದೀನಿ. ನಮ್ಮೂರಿನ ಒಂದೇ ಒಂದು ಮಗುವನ್ನ ಹಿಡಿದಿಲ್ಲ."

ಅಷ್ಟು ಜೋರು ದನಿಯ ಹೆಂಗಸು ಆವತ್ತು ಮೆಲ್ಲಗೆ ಮಾತಾಡಿದಳು. ನನಗೆ ತಡೆಯದೆ ಅವಳ ಕೈ ಹಿಡಿದುಕೊಂಡೆ. ಅಲ್ಲ, ಸತ್ತವರನ್ನು ಅಂಗಳದಲ್ಲೇ ಇಟ್ಟುಕೊಳ್ಳುವ ಊರಿಗೆ ಹುಟ್ಟುವವರನ್ನು ಇಟ್ಟುಕೊಳ್ಳಲು ಆಗುತ್ತಿಲ್ಲವಲ್ಲ ಎಂದು ಸಂಕಟವಾಯಿತು. ನಾವು ಹಸಿರು ಬಳೆ ತೊಟ್ಟು ಸಂಭ್ರಮದಿಂದ ಹೋಗುವ ಹಾದಿ ಅವರಿಗೆ ಗಡಿಪಾರು.

ಮನೆಗೆ ಸೈಕಲ್ ತಳ್ಳಿಕೊಂಡು ನಡೆದು ಬಂದೆವು. ಬಾಗಿಲಿಗೆ ಬಂದ ಮೇಲೆ ನಮ್ಮವರು ಬಾಯಿ ಬಿಟ್ಟರು.

"ಗಿರಿಜಾ, ನನ್ನೊಂದು ಮಾತು. ನಾನೂ ನೋಡಬೇಕಂತ ಐತಿ."

"ಏನ್ ನೋಡಬೇಕ್ರಿ?"

"ಹುಟ್ಟೂದು."

ನಾನು ಬೀಗದ ಕೈ ಹಿಡಿದು ಹಾಗೇ ನಿಂತೆ. ನಮ್ಮ ಮನೆತನದಲ್ಲಿ, ಅವರ ಮನೆತನದಲ್ಲಿ, ಇಡೀ ನಮ್ಮ ಓಣಿಯಲ್ಲಿ, ಒಬ್ಬ ಗಂಡಸು ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕಾಯುವುದು, ಪೇಢಾ ಹಂಚುವುದು, ಐದನೇ ದಿನದ ಐದೇಶಿಗೋ ತೊಟ್ಟಿಲಿಗೋ ಬಂದು ಹೋಗುವುದು, ಇಷ್ಟೇ ಅವರ ಕೆಲಸ. ನಿಮಗೆ ನೋಡಬೇಕು ಅನಿಸುತ್ತದೆಯೇ ಎಂದು ನಾನಾದರೂ ಯಾವಾಗ ಕೇಳಿದ್ದೆ?

"ಅವ್ವಗ ಏನ್ ಹೇಳ್ಲಿರಿ?" ಎಂದೆ.

"ನೀ ಹೇಳಬ್ಯಾಡ, ನಾ ಹೇಳ್ತೀನಿ," ಎಂದರು. ಇಲ್ಲೇ, ಮನೆಯಲ್ಲೇ ಹೆರುತ್ತೇನೆ ಎಂದು ಹೇಳಿದ್ದು ಕೊನೆಗೆ ನಾನೇ.

ಅವ್ವ ಕುದ್ದುಹೋದಳು. "ತಾಯಿ ಸತ್ತಾಕಿ ಹಂಗ ಅಲ್ಲೆ ಹಡೀತೀ ಏನ? ಮಂದಿ ನನ್ನ ಮಾರಿಗೆ ಉಗುಳಬೇಕೇನ? ಅದೂ ಮನ್ಯಾಗ! ನಮ್ಮವ್ವ ಮನ್ಯಾಗ ಹಡದು ಇಬ್ಬರನ್ನ ಕಳಕೊಂಡಳು. ದವಾಖಾನಿ ಅಂತ ಬರಾಕ ನಮಗ ಎಷ್ಟು ವರ್ಷ ಹಿಡೀತು. ಅಷ್ಟು ಮುಂದುವರದ ದೇಶ ಅಂತೀರಿ, ಹೊಳ್ಳಿ ಮನಿಗೆ ಕರಕೊಂಡ ಹೊಂಟಾರ!"

ಅವ್ವನ ಮಾತು ಸುಳ್ಳಲ್ಲ. ಇಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಆಂಬುಲೆನ್ಸು ಬರುತ್ತದೆ, ಆಸ್ಪತ್ರೆ ಹತ್ತಿರವೇ ಇದೆ, ಆ ಧೈರ್ಯದಿಂದ ಮನೆಯಲ್ಲಿ ಹೆರುತ್ತಾರೆ. ಅವ್ವನ ತಾಯಿಗೆ ಆ ಧೈರ್ಯ ಇರಲಿಲ್ಲ, ಕೋರಾಳ ದ್ವೀಪಕ್ಕೂ ಇಲ್ಲ. ಅದನ್ನೆಲ್ಲ ವಿವರಿಸಲು ಹೋದೆ, ಅವ್ವ ಫೋನಿಟ್ಟಳು. ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ದಿನಾ ಅಳುತ್ತಿದ್ದೆ. ಟಿಕೆಟ್ಟಿನ ದಿನ ಬಂತು, ಹೋಯಿತು. ಅಂದು ಸಂಜೆ ಅಣ್ಣ ಫೋನು ಮಾಡಿ, "ಅವ್ವನ ವೀಸಾಕ್ಕ ಹಾಕೀನಿ, ಬಾಣಂತಿ ಖಾರ ಕುಟ್ಟಾಕತ್ತಾಳ," ಎಂದ.

ಅವ್ವ ಬಂದು ಇಳಿದಳು. ಎರಡು ಚೀಲದಲ್ಲಿ ಸೀರೆ ಒಂದು ಪಾಲಾದರೆ ಅಂಟು, ಕೊಬ್ಬರಿ, ಉತ್ತುತ್ತಿ, ಅಳವಿ ಬೀಜ ಮೂರು ಪಾಲು. ಒಳಗೆ ಕಾಲಿಟ್ಟವಳು ಮಂಚ ನೋಡಿ ದಂಗಾದಳು. ಇಲ್ಲಿ ಬಾಣಂತಿಯ ಮಂಚದ ಕಾಲಿಗೆ ದಿಮ್ಮಿಗಳನ್ನು ಕೊಟ್ಟು ಸೊಂಟದೆತ್ತರಕ್ಕೆ ಏರಿಸುತ್ತಾರೆ. ಹೆರಿಗೆಯಾದ ಮೇಲೆ ಒಂದು ವಾರ ಮನೆಗೆ ಬಂದು ತಾಯಿ ಮಗುವನ್ನು ನೋಡಿಕೊಳ್ಳುವ ಹೆಂಗಸಿಗೆ ಬೆನ್ನು ನೋಯಬಾರದಂತೆ.

"ಇದರ ಮ್ಯಾಲ ಹತ್ತಾಕ ನಿಚ್ಚಣಿಕಿ ಎಲ್ಲೈತಿ?" ಎಂದಳು ಅವ್ವ. ಎರಡು ತಿಂಗಳಲ್ಲಿ ನಾನು ಮೊದಲ ಸಲ ಮನಸಾರೆ ನಕ್ಕೆ.

ಕೋರಾ ಮತ್ತು ಅವ್ವ ಮೊದಲ ದಿನವೇ ಜಗಳಾಡಿದರು, ಭಾಷೆ ಇಲ್ಲದೆ. ಕಿಟಕಿ ತೆರೆದಿಡು ಎನ್ನುವವಳು ಒಬ್ಬಳು, ಗಾಳಿ ಆಡಬಾರದು ಎನ್ನುವವಳು ಇನ್ನೊಬ್ಬಳು. ಕೋರಾ ತೆರೆಯುವಳು, ಅವ್ವ ಮುಚ್ಚುವಳು. ನೋವು ಶುರುವಾದದ್ದು ಮುಂದೊಂದು ದಿನ ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನನ್ನ ಒಂದೊಂದು ಕಾಲು ಹಿಡಿದಿದ್ದರು. ನಮ್ಮವರು ಬೆನ್ನ ಹಿಂದೆ ಕೂತು ನನ್ನನ್ನು ಎದೆಗಾನಿಸಿಕೊಂಡಿದ್ದರು. "ಗಂಡಸರು ಹೊರಗ," ಎಂದು ಅವ್ವ ನಾಲ್ಕು ಸಲ ಗದರಿದಳು, ಅವರು ಕದಲಲಿಲ್ಲ. ನಾನು ಬೆಸ್ಟ್ ಊರಿನ ಆ ಬೀದಿಗೆಲ್ಲ ಕೇಳುವಂತೆ ಅಯ್ಯೋ ಯವ್ವಾ ಎಂದು ಚೀರಿದೆ. ಪರದೆ ಮುಚ್ಚಿತ್ತೋ ಇಲ್ಲವೋ ದೇವರೇ ಬಲ್ಲ.

ಹೆಣ್ಣು ಮಗು. ಕೋರಾ ಹಿಡಿದಳು, ನಮ್ಮವರು ಹೊಕ್ಕಳಬಳ್ಳಿ ಕತ್ತರಿಸಿದರು. ಅವ್ವ ಬೈಯುವುದನ್ನು ಬಿಟ್ಟು ಅವರ ಭುಜ ಹಿಡಿದು ನಿಂತಳು.

ಸ್ವಲ್ಪ ಹೊತ್ತಿಗೆ ಕೋರಾ ಮಗುವಿನ ಹಿಂದೆ ಬಿದ್ದ ಮಾಸನ್ನು ಬೋಗುಣಿಯಲ್ಲಿ ತಂದು ಬಿಡಿಸಿ ನಮ್ಮೆಲ್ಲರಿಗೂ ತೋರಿಸಿದಳು. ಇಲ್ಲಿ ಹಾಗೆ ತೋರಿಸುವುದು ವಾಡಿಕೆಯಂತೆ. ನನಗೆ ಕಣ್ಣು ಕತ್ತಲೆ ಬಂತು. ತೆಗೆದುಕೊಂಡು ಹೋಗಲೋ, ಇಟ್ಟುಕೊಳ್ಳುತ್ತೀರೋ ಎಂದು ಕೇಳಿದಳು. ಏನನ್ನುತ್ತಾಳೆ ಎಂದು ಅವ್ವ ಕೇಳಿದಳು, ಹೇಳಿದೆ.

"ಒಯ್ಯೂದಂದ್ರ ಏನು? ಮನ್ಯಾಗ ಹಡದಮ್ಯಾಲ ಮನಿ ಹಿತ್ತಲದಾಗ ಹುಗೀಬೇಕು."

ಈ ದೇಶದ ಹಿತ್ತಲು ಎಂದರೆ ಹತ್ತು ಹೆಜ್ಜೆ ಜಾಗ, ಅದಕ್ಕೂ ಕಲ್ಲುಹಾಸು. ನಮ್ಮವರು ನಾಲ್ಕು ಕಲ್ಲು ಎಬ್ಬಿಸಿ ಆಳವಾಗಿ ಗುಂಡಿ ತೋಡಿದರು. ನಾನು ಮಂಚದಿಂದಲೇ ಕಿಟಕಿಯಲ್ಲಿ ನೋಡುತ್ತಿದ್ದೆ. ಅವ್ವ ಅರಿಸಿನ ಕುಂಕುಮ ಹಾಕಿದಳು. ಕೋರಾ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಎಳೆದಳು. ಒಳಗೆ ಬಂದು ಕೈ ತೊಳೆಯುವಾಗ ಅವಳ ಕಣ್ಣು ಕೆಂಪಾಗಿತ್ತು. ಅವರ ಕಡೆಯೂ ಹೊಕ್ಕಳಬಳ್ಳಿ ಹೂಳುತ್ತಾರಂತೆ, ಮೇಲೊಂದು ಗಿಡ ನೆಡುತ್ತಾರಂತೆ. ಅವಳದು ಅಜ್ಜಿಯ ಅಂಗಳದ ದೀವಿಹಲಸಿನ ಬುಡದಲ್ಲಿದೆ. "ಅದು ಇರೋ ಕಡೆ ನಿನ್ನೂರು ಅಂತಾರೆ ನಮ್ಮ ದ್ವೀಪದವರು," ಎಂದಳು. ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಹೋಗಿ ಕಿಟಕಿ ಮುಚ್ಚಿದಳು.

ಸುತ್ತಿನ ಮನೆಯವರು ಆ ವಾರ ಒಬ್ಬೊಬ್ಬರೇ ಬಂದರು. ಮಗು ಹುಟ್ಟಿದರೆ ಇಲ್ಲಿ ರಸ್ಕಿಗೆ ಬೆಣ್ಣೆ ಸವರಿ, ಸಕ್ಕರೆ ಮೆತ್ತಿದ ಬಡೇಸೋಪಿನಂಥ ಕಾಳು ಉದುರಿಸಿ ಬಂದವರಿಗೆ ಕೊಡುತ್ತಾರೆ. ಅದನ್ನು 'ಇಲಿಮರಿ' ಎಂದು ಕರೆಯುತ್ತಾರೆ! ಬಾಣಂತಿಗೆ ಹಾಲು ಬರಲಿ ಎಂದು ಆ ಕಾಳು. "ಇವರಿಗೂ ತಿಳುವಳಿಕಿ ಐತಿ," ಎಂದು ಅವ್ವ ಒಪ್ಪಿಕೊಂಡು, ಬಂದವರಿಗೆಲ್ಲ ಜೊತೆಗೊಂದು ಅಂಟಿನ ಉಂಡೆ ಕೊಟ್ಟಳು. ನನ್ನನ್ನು ಎಂದೂ ಮಾತಾಡಿಸದ ಎದುರು ಮನೆಯ ಮುದುಕ ಎರಡು ತಿಂದು, ಮೂರನೆಯದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದ. ಈ ಊರಿಗೆ ನಾನು ಬಂದು ಸೇರಿದೆ ಎಂದು ಅನಿಸಿದ್ದು ಆ ವಾರವೇ.

ಅದೇ ವಾರದ ಕೊನೆಗೆ ಮಗುವಿನ ಹೊಕ್ಕಳ ಕುಡಿ ಒಣಗಿ ಬಿತ್ತು. ಕೋರಾ ಅಷ್ಟರಲ್ಲಿ ರಜೆ ಹಾಕಿ ತಮ್ಮನ ಮಗಳ ಹತ್ತಿರ ಹೋಗಿದ್ದಳು, ಹೆರಿಗೆ ಮಾಡಿಸಲು ಅಲ್ಲ, ಕೈ ಹಿಡಿದುಕೊಂಡು ಪಕ್ಕದಲ್ಲಿ ಇರಲು. ಅವ್ವ ಆ ಕುಡಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತನ್ನ ಸೀರೆಯ ಅಂಚಿಗೆ ಗಂಟು ಹಾಕಿಕೊಂಡಳು. ನನಗೆ ತಿಳಿಯಲಿಲ್ಲ.

"ಅದನ್ನೂ ಹಿತ್ತಲದಾಗ ಹುಗಿಯೂಣಲ್ಲವ್ವಾ, ಮಾಸಿನ ಹತ್ರ?"

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ನನ್ನ ಮೇಲೆ ಅಷ್ಟು ಸಿಟ್ಟಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಎಲ್ಲಾ ಇವರಿಗೇ ಕೊಟ್ಟುಬಿಡ್ತೀ ಏನ? ಬಾಣಂತನ ಕೊಟ್ಟಿ. ಮಾಸು ಕೊಟ್ಟಿ. ಇದು ನಂದು. ಇದನ್ನ ಊರಿಗೆ ಒಯ್ತೀನಿ, ನಿಂದು ಎಲ್ಲೈತಿ ಅಲ್ಲೇ ಹುಗೀತೀನಿ," ಎಂದವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಳತೊಡಗಿದಳು. ನಮ್ಮ ಮನೆಯ ಹಿತ್ತಲಲ್ಲಿ ನನ್ನದೂ ಒಂದು ತುಣುಕು ಮಣ್ಣಿನಲ್ಲಿದೆ ಎಂದು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಅವ್ವ ಮಗುವಿನ ಹಣೆಗೆ ಮುತ್ತಿಟ್ಟು ನನ್ನ ಕೈಗೆ ಕೊಟ್ಟಳು. ಚೀಲಗಳು ಖಾಲಿಯಾಗಿ ಹಗುರಾಗಿದ್ದವು. ತಪಾಸಣೆಯ ಸಾಲಿನಲ್ಲಿ ಹೋಗುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ, ಒಂದು ಕೈ ಮಾತ್ರ ಸೊಂಟದ ಮೇಲೇ ಇತ್ತು. ನಾನು ಮಗುವನ್ನು ಅವುಚಿಕೊಂಡು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ.

"ನಡಿ, ಮನಿಗೆ ಹೋಗೂಣು," ಎಂದರು ನಮ್ಮವರು.

ಹೂಂ ಎಂದೆ. ಆಮೇಲೆ ಅವರು ನನ್ನ ತೋಳು ಹಿಡಿದು ತಿರುಗಿಸಬೇಕಾಯಿತು. ನಾನು ಅವ್ವ ಹೋದ ಕಡೆಗೇ ನಡೆಯುತ್ತಿದ್ದೆ.